ಮೂಲೆಯ ಉದ್ದಕಾಲಿನ ಜೇಡ: ನಿಜವೆಷ್ಟು, ಭ್ರಮೆಯೆಷ್ಟು?

ಗಚ್ಚಿಬೌಲಿಯ ಬಹುಮಹಡಿ ಗೃಹಸಮುಚ್ಚಯವೊಂದರಲ್ಲಿ ನೆಲೆಸಿರುವ ಕನ್ನಡ ಕುಟುಂಬವೊಂದಕ್ಕೆ, ಮೊಮ್ಮಗಳ ನಾಮಕರಣದ ನಿಮಿತ್ತ, ಶಿವಮೊಗ್ಗ ಜಿಲ್ಲೆಯ ಹಳ್ಳಿಯಿಂದ ಹಿರಿಯರೊಬ್ಬರು ಬಂದಿದ್ದರು. ವಯಸ್ಸು ಎಪ್ಪತ್ತು ದಾಟಿತ್ತು; ಬಹುಕಾಲದಿಂದ ಸಕ್ಕರೆ ಕಾಯಿಲೆಯೂ ಇತ್ತು. ಬಂದ ಮೂರನೆಯ ದಿನ ಅವರಿಗೆ ಬಲಪಕ್ಕೆಯಲ್ಲಿ ಉರಿ ಕಾಣಿಸಿಕೊಂಡಿತು. ಮರುದಿನ ಅದೇ ಸ್ಥಳದಲ್ಲಿ ಕೆಂಪು ದದ್ದು, ಅದರ ಮೇಲೆ ಗೊಂಚಲು ಗೊಂಚಲಾಗಿ ನೀರುಗುಳ್ಳೆಗಳು ಎದ್ದವು. ಸ್ನಾನದ ಮನೆಯ ಮೂಲೆಯಲ್ಲಿ ಉದ್ದುದ್ದ ಕಾಲುಗಳ ಜೇಡವೊಂದು ತಲೆಕೆಳಗಾಗಿ ತೂಗಾಡುತ್ತಿದ್ದುದು ಮನೆಗೆಲಸದಾಕೆಯ ಕಣ್ಣಿಗೆ ಬಿತ್ತು. ಸಾಲೆಪುರುಗು ಮೈಮೇಲೆ ಹರಿದಿದೆ ಎಂದು ಆಕೆ ತೀರ್ಪಿತ್ತಳು. ಹಿರಿಯರೂ ಅದನ್ನು ಒಪ್ಪಿದರು. ‘ನಮ್ಮ ಕಡೆಯೂ ಹಾಗೆಯೇ ಹೇಳುತ್ತಾರೆ, ಜೇಡ ಮೂತ್ರ ಮಾಡಿದರೆ ಹೀಗೆಯೇ ಬೊಕ್ಕೆ ಏಳುತ್ತದೆ’ ಎಂದರು.

ಆ ಬಳಿಕ ನಡೆದದ್ದು ಎರಡು ಕೆಲಸ. ಕೆಮ್ಮಣ್ಣನ್ನು ಅರೆದು ಗುಳ್ಳೆಗಳ ಮೇಲೆ ಹಚ್ಚಿದರು. ಅಂಗಡಿಯಿಂದ ಕೀಟನಾಶಕದ ಡಬ್ಬಿಯನ್ನು ತಂದು, ಮಗು ಮಲಗುವ ಕೋಣೆಯೂ ಸೇರಿದಂತೆ ಮನೆಯ ಮೂಲೆಮೂಲೆಗೂ ಸಿಂಪಡಿಸಿದರು. ಜೇಡ ಸತ್ತಿತು, ಕೂಸು ಎರಡು ದಿನ ಕೆಮ್ಮಿತು, ಗುಳ್ಳೆಗಳು ಮಾತ್ರ ಬೆನ್ನಿನಿಂದ ಹೊಟ್ಟೆಯವರೆಗೆ ಪಟ್ಟಿಯಂತೆ ಹರಡಿದವು. ಐದನೆಯ ದಿನ ಅವರನ್ನು ನೋಡುವ ಸಂದರ್ಭ ನನಗೆ ಒದಗಿತು. ಅದು ಜೇಡದ ಕೆಲಸವಾಗಿರಲಿಲ್ಲ. ಅದು ಸರ್ಪಸುತ್ತು. ಆ ರೋಗಕ್ಕೆ ಉತ್ತಮ ಔಷಧವಿದೆ. ಆದರೆ ದದ್ದು ಕಾಣಿಸಿಕೊಂಡ ಎಪ್ಪತ್ತೆರಡು ಗಂಟೆಗಳೊಳಗೆ ಅದನ್ನು ಆರಂಭಿಸಿದರೆ ಮಾತ್ರ ಅದರ ಪೂರ್ಣ ಪ್ರಯೋಜನ ದೊರೆಯುತ್ತದೆ. ಆ ಅವಧಿಯಷ್ಟನ್ನೂ ಮೂಲೆಯ ಜೇಡವನ್ನು ದೂರುವುದರಲ್ಲಿ ಕಳೆದಾಗಿತ್ತು. ಗುಳ್ಳೆಗಳು ಒಣಗಿದ ಮೇಲೂ ಆ ಹಿರಿಯರು ಐದು ತಿಂಗಳ ಕಾಲ ಅಂಗಿಯ ಬಟ್ಟೆ ತಗುಲಿದರೂ ಸಹಿಸಲಾರದಂತಹ ನರವೇದನೆಯನ್ನು ಅನುಭವಿಸಿದರು.

ಈ ಪ್ರಸಂಗದಿಂದಾಗಿಯೇ, ಆರೋಗ್ಯದ ಲೇಖನವೊಂದರಲ್ಲಿ ಜೇಡದಂತಹ ಕ್ಷುದ್ರಜೀವಿಯ ವಿಚಾರವನ್ನು ಬರೆಯಬೇಕೆನಿಸಿತು. ಒಂದು ನಿರಪರಾಧಿ ಪ್ರಾಣಿಯ ಮೇಲೆ ಅಪವಾದ ಹೊರಿಸುವುದರಿಂದ ಆ ಪ್ರಾಣಿಗೆ ಆಗುವ ನಷ್ಟ ಹಾಗಿರಲಿ, ನಿಜವಾದ ಅಪರಾಧಿ ತಪ್ಪಿಸಿಕೊಳ್ಳುವುದರಿಂದ ನಮಗೆ ಆಗುವ ನಷ್ಟ ಅಲ್ಪವಾದುದಲ್ಲ.

ಹೆಸರಿನ ಗೊಂದಲ

ಕನ್ನಡದಲ್ಲಿ ‘ಜೇಡ’ ಎಂಬ ಶಬ್ದಕ್ಕೆ ನೇಯುವವನು ಎಂಬ ಅರ್ಥವೂ ಉಂಟು. ಹಳೆಯ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದ ಸುರಪುರ ಸೀಮೆಯ ಮುದನೂರಿನ ಜೇಡರ ದಾಸಿಮಯ್ಯನ ಹೆಸರಿನಲ್ಲಿರುವುದು ನೇಕಾರ ವೃತ್ತಿಯೇ. ಇಲ್ಲಿನ ತೆಲುಗು ನೆರೆಯವರು ಹೇಳುವ ‘ಸಾಲೆಪುರುಗು’ ಎಂಬ ಮಾತೂ ಅದೇ ಜಾಡಿನದು. ಸಾಲೆ ಎಂದರೆ ನೇಕಾರ, ಪುರುಗು ಎಂದರೆ ಹುಳು. ಎರಡು ಭಾಷೆಗಳ ಜನರೂ ಈ ಪ್ರಾಣಿಯಲ್ಲಿ ಮೊದಲು ಕಂಡದ್ದು ವಿಷವನ್ನಲ್ಲ, ಕಸುಬನ್ನು ಎಂಬುದು ಗಮನಾರ್ಹ. ಶ್ರೀಕಾಳಹಸ್ತಿಯ ಸ್ಥಳಪುರಾಣದಲ್ಲಂತೂ ಶಿವನನ್ನು ಪೂಜಿಸಿ ಮುಕ್ತಿ ಪಡೆದ ಮೂವರಲ್ಲಿ ಮೊದಲನೆಯದು ಜೇಡ. ಕ್ಷೇತ್ರದ ಹೆಸರಿನ ‘ಶ್ರೀ’ ಎಂಬ ಅಕ್ಷರವೇ ಅದನ್ನು ಸೂಚಿಸುತ್ತದೆ ಎನ್ನುತ್ತಾರೆ. ಜೇಡವೆಂದರೆ ಸಂಚುಗಾರ ಎಂಬ ಭಾವನೆ ನಮ್ಮಲ್ಲಿ ಬೇರೂರಿದ್ದಕ್ಕೆ 1968ರಲ್ಲಿ ತೆರೆಕಂಡ ರಾಜ್‌ಕುಮಾರ್ ಅವರ ‘ಜೇಡರ ಬಲೆ’ ಚಿತ್ರವನ್ನು ಹೊಣೆ ಮಾಡುವಂತಿಲ್ಲವಾದರೂ, ಆ ಚಿತ್ರ ನೋಡಿ ಬೆಳೆದ ನಮ್ಮ ಪೀಳಿಗೆಗೆ ಆ ಶಬ್ದ ಕೇಳಿದೊಡನೆ ಪತ್ತೇದಾರಿಕೆಯೇ ನೆನಪಾಗುತ್ತದೆ.

ನಮ್ಮ ಮನೆಗಳ ಉದ್ದಕಾಲಿನ ಜೇಡವನ್ನು ಇಂಗ್ಲಿಷಿನಲ್ಲಿ ‘ಡ್ಯಾಡಿ ಲಾಂಗ್‌ಲೆಗ್ಸ್’ ಎಂದು ಕರೆಯುವ ವಾಡಿಕೆ. ಶಾಲೆಗೆ ಹೋಗುವ ಮಕ್ಕಳು ಈ ಹೆಸರನ್ನು ಬಲ್ಲರು. ತೊಡಕು ಇರುವುದು ಇಲ್ಲಿಯೇ. ಒಂದೇ ಹೆಸರನ್ನು ಮೂರು ಭಿನ್ನ ಜೀವಿಗಳಿಗೆ ಬಳಸುತ್ತಾರೆ.

ಮೊದಲನೆಯದು ನಿಜವಾದ ಜೇಡ. ‘ಫಾಲ್ಸಿಡೇ’ ಎಂಬ ಕುಟುಂಬಕ್ಕೆ ಸೇರಿದ್ದು. ದೇಹ ಎರಡು ಭಾಗವಾಗಿರುತ್ತದೆ, ಬಲೆ ನೇಯುತ್ತದೆ, ವಿಷದ ಗ್ರಂಥಿಯೂ ಇದೆ. ಎರಡನೆಯದನ್ನು ನೋಡಬೇಕಾದರೆ ಮಲೆನಾಡಿಗೆ ಹೋಗಬೇಕು. ಪಶ್ಚಿಮ ಘಟ್ಟದ ಒದ್ದೆ ಬಂಡೆಗಳ ಮೇಲೆ, ಮರದ ಕಾಂಡಗಳ ಮೇಲೆ, ಗುಂಡು ಕಾಳಿಗೆ ಎಂಟು ಕೂದಲುಗಳನ್ನು ಅಂಟಿಸಿದಂತಹ ಪ್ರಾಣಿಗಳು ಗುಂಪುಗುಂಪಾಗಿ ಕುಳಿತಿರುತ್ತವೆ. ಮುಟ್ಟಿದರೆ ಗುಂಪಿಗೆ ಗುಂಪೇ ಒಮ್ಮೆಗೇ ಕುಪ್ಪಳಿಸುವಂತೆ ತೂಗತೊಡಗುತ್ತದೆ. ಇದು ಎಂಟು ಕಾಲಿನದಾದರೂ ಜೇಡವಲ್ಲ. ‘ಓಪಿಲಿಯೋನಿಸ್’ ಎಂಬ ಬೇರೆಯೇ ವರ್ಗ. ದೇಹದಲ್ಲಿ ನಡುವಿಲ್ಲ, ಕಣ್ಣು ಎರಡೇ. ನೂಲು ತೆಗೆಯಲಾರದು, ವಿಷದ ಗ್ರಂಥಿಯೇ ಅದಕ್ಕಿಲ್ಲ. ಮೂರನೆಯದು ಆರು ಕಾಲಿನ, ರೆಕ್ಕೆಯುಳ್ಳ, ಭಾರೀ ಸೊಳ್ಳೆಯಂತೆ ತೋರುವ ಒಂದು ನೊಣಜಾತಿ. ಇಂಗ್ಲೆಂಡಿನ ಜನ ಹೆಚ್ಚಾಗಿ ಈ ಹೆಸರನ್ನು ಬಳಸುವುದು ಅದಕ್ಕೇ. ಅದು ಕಚ್ಚುವುದೂ ಇಲ್ಲ, ರಕ್ತ ಹೀರುವುದೂ ಇಲ್ಲ. ಒಂದು ಜೀವಿಯ ಬಗ್ಗೆ ಹುಟ್ಟಿದ ಕಥೆ ಇನ್ನೊಂದಕ್ಕೆ ಅಂಟಿಕೊಳ್ಳಲು ಇಷ್ಟೇ ಸಾಕಾಯಿತು.

ವಿಷದ ಕಥೆ ಮತ್ತು ಅದರ ಪರೀಕ್ಷೆ

‘ಜಗತ್ತಿನ ಜೇಡಗಳಲ್ಲೆಲ್ಲ ಅತ್ಯಂತ ಘೋರ ವಿಷವುಳ್ಳದ್ದು ಈ ಉದ್ದಕಾಲಿನದೇ, ಹಲ್ಲು ಬಹಳ ಚಿಕ್ಕದಾದ್ದರಿಂದ ಮನುಷ್ಯನ ಚರ್ಮವನ್ನು ತೂರಲಾರದು, ಅದರಿಂದ ನಾವು ಬದುಕಿದ್ದೇವೆ.’ ಈ ಮಾತನ್ನು ನಾನು ವಿದ್ಯಾವಂತರ ಬಾಯಿಂದಲೇ ಅನೇಕ ಬಾರಿ ಕೇಳಿದ್ದೇನೆ. ಇದು ನಮ್ಮ ಅಜ್ಜಿಯರ ಕಥೆಯಲ್ಲ. ಪಾಶ್ಚಾತ್ಯ ದೇಶಗಳಿಂದ ಇಂಗ್ಲಿಷಿನ ಮೂಲಕ ಬಂದ ಹೊಸ ಮೂಢನಂಬಿಕೆ. ವಿಜ್ಞಾನದ ವೇಷ ತೊಟ್ಟಿರುವುದರಿಂದ ಅಜ್ಜಿಯ ಕಥೆಗಿಂತ ಇದು ಹೆಚ್ಚು ಸುಲಭವಾಗಿ ನಂಬಿಕೆಗೆ ಪಾತ್ರವಾಗುತ್ತದೆ.

ಇದರಲ್ಲಿ ಎರಡು ಭಾಗಗಳಿವೆ. ಎರಡೂ ಸುಳ್ಳು.

ವಿಷದ ಘೋರತೆಯ ಮಾತನ್ನು ಮೊದಲು ನೋಡೋಣ. ಒಂದು ವಿಷ ಮನುಷ್ಯನಿಗೆ ಮಾರಕವೆನ್ನಬೇಕಾದರೆ ಅದನ್ನು ಸಸ್ತನಿಗಳ ಮೇಲೆ ಪರೀಕ್ಷಿಸಿರಬೇಕು. ಅಂತಹ ಯಾವ ಪರೀಕ್ಷೆಯೂ ಇಲ್ಲದ ಕಾಲದಲ್ಲಿಯೇ ಈ ಕಥೆ ಲೋಕವನ್ನೆಲ್ಲ ಸುತ್ತಿಬಂದಿತ್ತು. ಬಳಿಕ ಅಮೆರಿಕದ ಆರೆಗಾನಿನ ಗ್ರೆಟಾ ಬಿನ್‌ಫೋರ್ಡ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಇದೇ ಕುಟುಂಬದ ಒಂದು ಜೇಡದ ವಿಷವನ್ನು ಪ್ರಯೋಗಾಲಯದಲ್ಲಿ ವಿಶ್ಲೇಷಿಸಿ 2019ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಕೀಟಗಳ ಮೇಲೆ ಆ ವಿಷ ಕೆಲಸ ಮಾಡುತ್ತದೆ; ಸಸ್ತನಿಗಳ ಮೇಲೆ ಅದರ ಪರಿಣಾಮ ತೀರ ದುರ್ಬಲ.

ಇನ್ನು ಹಲ್ಲಿನ ಮಾತು. ಅದರ ವಿಷದ ಹಲ್ಲು ಸುಮಾರು ಕಾಲು ಮಿಲಿಮೀಟರು ಉದ್ದ. ಚಿಕ್ಕದೇ ಹೌದು, ಆದರೆ ನಮ್ಮ ಚರ್ಮದ ಹೊರಪದರ ಅನೇಕ ಕಡೆ ಅದಕ್ಕಿಂತ ತೆಳ್ಳಗಿರುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ರಿಕ್ ವೆಟ್ಟರ್ ಎಂಬ ಜೇಡತಜ್ಞರು ಎತ್ತಿ ತೋರಿಸಿರುವ ಒಂದು ಅಂಶ ಇಲ್ಲಿ ಮುಖ್ಯ: ಅಮೆರಿಕದಲ್ಲಿ ಮನುಷ್ಯರಿಗೆ ನಿಜವಾಗಿ ಗಾಯಮಾಡುವ ಕಂದು ಜೇಡವೊಂದಿದೆ, ಅದರ ಹಲ್ಲಿನ ರಚನೆಯೂ ಇದೇ ಬಗೆಯದು. ಅದು ಕಚ್ಚಬಲ್ಲದಾದರೆ ಇದು ಏಕೆ ಕಚ್ಚಲಾರದು? ಕಡೆಗೆ 2004ರಲ್ಲಿ ‘ಮಿತ್‌ಬಸ್ಟರ್ಸ್’ ಎಂಬ ದೂರದರ್ಶನ ಕಾರ್ಯಕ್ರಮದ ನಿರೂಪಕ ಆ್ಯಡಮ್ ಸ್ಯಾವೇಜ್ ಈ ಜೇಡಗಳ ಪೆಟ್ಟಿಗೆಯೊಳಗೆ ಕೈಯಿಟ್ಟು ಕಚ್ಚಿಸಿಕೊಂಡೇಬಿಟ್ಟರು. ಸ್ವಲ್ಪ ಹೊತ್ತು ಅಲ್ಪ ಉರಿಯಾಯಿತು, ಅಷ್ಟೇ. ಕೈ ಹಾಕಿ ಕಚ್ಚಿಸಿಕೊಂಡರೆ ಹೀಗೆ; ತಾನಾಗಿ ಬಂದು ಕಚ್ಚುವ ಸ್ವಭಾವ ಇದರದ್ದಲ್ಲ.

ಹಾಗಾದರೆ ಕಥೆ ಹುಟ್ಟಿದ್ದು ಎಲ್ಲಿಂದ? ಈ ಜೇಡ ಇತರ ಜೇಡಗಳನ್ನು ತಿನ್ನುತ್ತದೆ. ಆಸ್ಟ್ರೇಲಿಯಾದಲ್ಲಿ ಮನುಷ್ಯನಿಗೆ ಅಪಾಯಕಾರಿಯಾದ ಕೆಂಬೆನ್ನಿನ ಜೇಡವನ್ನೂ ಇದು ಕೊಂದು ತಿನ್ನುವುದನ್ನು ಜನ ಕಂಡರು. ವಿಷಜಂತುವನ್ನೇ ಕೊಲ್ಲುವುದು ಇನ್ನೂ ದೊಡ್ಡ ವಿಷಜಂತುವಾಗಿರಲೇಬೇಕು ಎಂದು ತರ್ಕಿಸಿದರು. ನಾಗರಹಾವನ್ನು ಕೊಲ್ಲುವ ಮುಂಗುಸಿಗೆ ಹಾವಿಗಿಂತ ಘೋರವಾದ ವಿಷವಿದೆ ಎಂದಂತಾಯಿತು! ಈ ಜೇಡ ಗೆಲ್ಲುವುದು ವಿಷದಿಂದಲ್ಲ, ಕಾಲಿನಿಂದ. ದೂರದಲ್ಲಿಯೇ ನಿಂತು, ಹಿಂಗಾಲುಗಳಿಂದ ನೂಲನ್ನು ಎಸೆದೆಸೆದು ಎದುರಾಳಿಯನ್ನು ಕಟ್ಟಿಹಾಕುತ್ತದೆ. ಅದು ಮಿಸುಕದಂತಾದ ಮೇಲೆ ಹತ್ತಿರ ಹೋಗುತ್ತದೆ. ಕೆಲವೊಮ್ಮೆ ಪರರ ಬಲೆಗೇ ನುಗ್ಗಿ, ಸಿಕ್ಕಿಬಿದ್ದ ಕೀಟದಂತೆ ಎಳೆಗಳನ್ನು ನಡುಗಿಸಿ, ಊಟ ಬಂತೆಂದು ಓಡಿಬರುವ ಬಲೆಯೊಡತಿಯನ್ನೇ ಹಿಡಿಯುತ್ತದೆ. ಸಂಚುಗಾರ ಎಂಬ ಬಿರುದಿಗೆ ಅದು ಅಷ್ಟರಮಟ್ಟಿಗೆ ಅರ್ಹ.

ನಮ್ಮ ಮನೆಗಳ ಸೂರಿನಲ್ಲಿ ಸಾಮಾನ್ಯವಾಗಿ ಕಾಣುವ ಜಾತಿಯ ಶಾಸ್ತ್ರೀಯ ನಾಮ ‘ಕ್ರಾಸೋಪ್ರೈಜಾ ಲಯಾನಿ’. ಭಾರತದಲ್ಲಿ ಸಂಗ್ರಹಿಸಿದ ಮಾದರಿಗಳಿಂದ ಜಾನ್ ಬ್ಲ್ಯಾಕ್‌ವಾಲ್ ಎಂಬ ಆಂಗ್ಲ ವಿಜ್ಞಾನಿ 1867ರಲ್ಲಿ ಇದನ್ನು ವರ್ಣಿಸಿದರು. ಇಂದು ಮನುಷ್ಯರ ಸಾಮಾನುಗಳೊಡನೆ ಪಯಣಿಸಿ ಉಷ್ಣವಲಯದ ಮನೆಗಳಲ್ಲೆಲ್ಲ ನೆಲೆಸಿದೆ. ಹೊಟ್ಟೆಯ ತುದಿ ಮೂಲೆಮೂಲೆಯಾಗಿ, ಸಣ್ಣ ಡಬ್ಬಿಯಂತೆ ಇರುವುದು ಅದರ ಗುರುತು. ಉಸಿರು ತಾಕಿದರೂ ಸಾಕು, ದೇಹವನ್ನು ಗಿರಗಿರನೆ ತಿರುಗಿಸಿ ಕಣ್ಣಿಗೆ ಮಂಜಾಗಿ ತೋರುವಂತೆ ಮಾಡಿಕೊಳ್ಳುತ್ತದೆ. ಮಕ್ಕಳು ಇದನ್ನು ಕೋಪವೆಂದು ತಿಳಿದು ಹೆದರುತ್ತಾರೆ. ವಾಸ್ತವವಾಗಿ ಅದು ಹೆದರಿಕೆ.

ಜೇಡದ ಮೂತ್ರ ಎಂಬುದು

ಈಗ ನಮ್ಮದೇ ನಂಬಿಕೆಗೆ ಬರೋಣ. ಹಾನಿ ಹೆಚ್ಚಿರುವುದು ಇಲ್ಲಿ. ಜೇಡ ಮೈಮೇಲೆ ಹರಿದರೆ, ನೆಕ್ಕಿದರೆ, ಮೂತ್ರ ಮಾಡಿದರೆ ಗುಳ್ಳೆ ಏಳುತ್ತದೆ ಎಂಬ ಮಾತು ದಕ್ಷಿಣ ಭಾರತದಲ್ಲೆಲ್ಲ ಇದೆ. ಜೇಡದ ವಿಸರ್ಜನೆಯಲ್ಲಿ ಮುಖ್ಯವಾಗಿ ಇರುವುದು ‘ಗ್ವಾನಿನ್’ ಎಂಬ ಬಿಳಿಯ ವಸ್ತು. ಬಲೆಯ ಕೆಳಗಿನ ಗೋಡೆಯ ಮೇಲೆ ಸುಣ್ಣದ ಚುಕ್ಕೆಗಳಂತೆ ಕಾಣುವುದು ಅದೇ. ಒರೆಸಲು ಬೇಸರ ತರಿಸುತ್ತದೆಯೇ ಹೊರತು, ಅದು ಚರ್ಮವನ್ನು ಸುಡುವ ದ್ರವವಲ್ಲ.

ಆದರೂ ರೋಗಿಯ ಮೈಮೇಲಿನ ಗುಳ್ಳೆ ಸುಳ್ಳಲ್ಲವಲ್ಲ! ಹೆಚ್ಚಿನ ಸಂದರ್ಭಗಳಲ್ಲಿ ಅದಕ್ಕೆ ಎರಡರಲ್ಲಿ ಒಂದು ಕಾರಣವಿರುತ್ತದೆ.

ಒಂದು, ‘ಪೀಡರಸ್’ ಎಂಬ ಪುಟ್ಟ ಜೀರುಂಡೆ. ಏಳೆಂಟು ಮಿಲಿಮೀಟರು ಉದ್ದ, ಕಿತ್ತಳೆ-ಕೆಂಪು ಮತ್ತು ಕಪ್ಪು ಬಣ್ಣ ಒಂದಾದ ಮೇಲೊಂದು, ನೋಡಲು ಕಟ್ಟಿರುವೆಯಂತೆ. ಹೊಲಗದ್ದೆಗಳ, ಕೆರೆದಂಡೆಗಳ ಒದ್ದೆ ನೆಲದಲ್ಲಿ ಬಾಳುತ್ತದೆ. ಬೆಳೆಯ ಕೀಟಗಳನ್ನು ತಿನ್ನುವುದರಿಂದ ರೈತನಿಗೆ ಉಪಕಾರಿ. ಮಳೆಗಾಲದಲ್ಲಿ ಮತ್ತು ಅದು ಮುಗಿಯುವ ತಿಂಗಳುಗಳಲ್ಲಿ ದೀಪದ ಬೆಳಕಿಗೆ ಹಾರಿ ಒಳಗೆ ಬರುತ್ತದೆ. ಇದು ಕಚ್ಚುವುದಿಲ್ಲ, ಕುಟುಕುವುದಿಲ್ಲ. ಕತ್ತಿನ ಮೇಲೋ ಕೈಯ ಮೇಲೋ ಹರಿದಾಡುವಾಗ ನಾವೇ ಹೊಡೆದು ಉಜ್ಜುತ್ತೇವೆ. ಆಗ ಅದರ ದೇಹದೊಳಗಿನ ‘ಪೆಡೆರಿನ್’ ಎಂಬ ವಿಷದ್ರವ್ಯ ಚರ್ಮಕ್ಕೆ ಬಳಿದುಕೊಳ್ಳುತ್ತದೆ. ತಕ್ಷಣ ಏನೂ ತಿಳಿಯುವುದಿಲ್ಲ. ಹನ್ನೆರಡರಿಂದ ನಲವತ್ತೆಂಟು ಗಂಟೆಗಳ ಮೇಲೆ, ಬೆರಳು ಎಳೆದ ದಾರಿಯಲ್ಲಿಯೇ ಬಾಸುಂಡೆಯಂತಹ ಉರಿಯ ಗೆರೆ ಮೂಡಿ ಗುಳ್ಳೆಗಳೇಳುತ್ತವೆ. ಅಷ್ಟು ಹೊತ್ತಿಗೆ ಜೀರುಂಡೆ ಎಲ್ಲಿಯದು? ಕಣ್ಣೆತ್ತಿ ನೋಡಿದರೆ ಮೂಲೆಯಲ್ಲಿ ಕಾಣುವುದು ಜೇಡ! ಮೊಣಕೈ ಮಡಿಸುವ ಕಡೆ ಒಂದು ಗೆರೆಯಿದ್ದರೆ, ತಾಗುವ ಇನ್ನೊಂದು ಪಕ್ಕದಲ್ಲಿಯೂ ಅಂತಹುದೇ ಅಚ್ಚು ಮೂಡುವುದು ಈ ತೊಂದರೆಯ ವಿಶೇಷ ಲಕ್ಷಣ. ಸಾಬೂನು ಹಚ್ಚಿ ಚೆನ್ನಾಗಿ ತೊಳೆಯಬೇಕು. ಆ ಕೈಯಿಂದ ಕಣ್ಣನ್ನು ಮುಟ್ಟಬಾರದು. ಉರಿ ಹೆಚ್ಚಿದ್ದರೆ ವೈದ್ಯರು ಸೂಚಿಸಿದ ಮುಲಾಮನ್ನು ಹಚ್ಚಬೇಕು. ಒಂದೆರಡು ವಾರಗಳಲ್ಲಿ ವಾಸಿಯಾಗುತ್ತದೆ. ಇಂತಹ ಹುಳು ಮೈಮೇಲೆ ಕಂಡರೆ ಹೊಡೆಯದೆ ಊದಿ ಹಾರಿಸುವುದು, ಇಲ್ಲವೆ ಕಾಗದದ ತುಂಡಿನ ಮೇಲೆ ಹತ್ತಿಸಿಕೊಂಡು ಹೊರಗೆ ಬಿಡುವುದು ಲೇಸು.

ಎರಡನೆಯದು, ಆರಂಭದಲ್ಲಿ ಹೇಳಿದ ಸರ್ಪಸುತ್ತು. ತೆಲುಗಿನಲ್ಲಿ ಇದನ್ನು ‘ಸರ್ಪಿ’ ಎನ್ನುತ್ತಾರೆ. ಹೆಸರಿನಲ್ಲಿ ಸರ್ಪ, ಆರೋಪದಲ್ಲಿ ಜೇಡ. ಇವೆರಡಕ್ಕೂ ಈ ರೋಗಕ್ಕೂ ಸಂಬಂಧವೇನೂ ಇಲ್ಲ. ಬಾಲ್ಯದಲ್ಲಿ ಸೀತಾಳೆ ಸಿಡುಬು, ಅಂದರೆ ಚಿಕನ್‌ಪಾಕ್ಸ್, ಬಂದು ವಾಸಿಯಾದ ಮೇಲೂ ಅದರ ವೈರಸ್ ನಮ್ಮ ನರಗಳ ಬುಡದಲ್ಲಿ ದಶಕಗಟ್ಟಲೆ ನಿದ್ರಿಸುತ್ತಿರುತ್ತದೆ. ಐವತ್ತು ದಾಟಿದ ಮೇಲೆ, ಅಥವಾ ಬೇರೆ ಕಾಯಿಲೆಗಳಿಂದ ದೇಹದ ರೋಗನಿರೋಧಕ ಶಕ್ತಿ ಕುಂದಿದಾಗ, ಅದು ಎಚ್ಚೆತ್ತು ಒಂದು ನರದ ಜಾಡು ಹಿಡಿದು ಚರ್ಮಕ್ಕೆ ಬರುತ್ತದೆ. ಆದ್ದರಿಂದಲೇ ಗುಳ್ಳೆಗಳು ದೇಹದ ಒಂದೇ ಪಕ್ಕದಲ್ಲಿ, ಪಟ್ಟಿಯಂತೆ ಏಳುತ್ತವೆ. ದದ್ದಿಗೆ ಒಂದೆರಡು ದಿನ ಮೊದಲೇ ಆ ಜಾಗದಲ್ಲಿ ಉರಿ, ಚಳುಕು, ಮುಟ್ಟಿದರೆ ನೋವು ಇರುತ್ತದೆ. ಸುತ್ತು ಪೂರ್ಣವಾಗಿ ಹೆಡೆ-ಬಾಲ ಕೂಡಿದರೆ ಸಾವು ಎಂದು ನಮ್ಮ ಹಳ್ಳಿಗಳಲ್ಲಿ ಅಂಜುತ್ತಾರೆ. ನರವು ದೇಹದ ಮಧ್ಯರೇಖೆಯನ್ನು ದಾಟದಿರುವುದರಿಂದ ಸಾಮಾನ್ಯವಾಗಿ ಸುತ್ತು ಕೂಡುವುದೇ ಇಲ್ಲ. ಕೂಡಲಿಲ್ಲವಾದ್ದರಿಂದ ಮಂತ್ರಿಸಿದವನಿಗೆ ಕೀರ್ತಿ ಬರುತ್ತದೆ! ಕೆಮ್ಮಣ್ಣಿನ ಲೇಪ ತಂಪೆನಿಸಬಹುದು. ಆದರೆ ಒಡೆದ ಗುಳ್ಳೆಯೊಳಗೆ ಮಣ್ಣು ಸೇರಿ ಕೀವಾಗುವ ಸಂಭವವೂ ಉಂಟು, ವೈರಸ್ಸಿನ ಮೇಲೆ ಅದರ ಪ್ರಭಾವ ಶೂನ್ಯ.

ಆದುದರಿಂದ, ವಯಸ್ಸಾದವರಲ್ಲಿ ಒಂದೇ ಪಕ್ಕದಲ್ಲಿ ಉರಿಯೊಡನೆ ಗುಳ್ಳೆಗಳ ಗೊಂಚಲು ಕಂಡ ದಿನವೇ ವೈದ್ಯರಲ್ಲಿಗೆ ಹೋಗತಕ್ಕದ್ದು. ‘ಅಸೈಕ್ಲೋವಿರ್’ ಮತ್ತು ಅದರ ಬಂಧುಗಳಾದ ಔಷಧಗಳು ಮೊದಲ ಮೂರು ದಿನಗಳಲ್ಲಿ ಅತ್ಯಂತ ಫಲಕಾರಿ. ತಡವಾಗಿದ್ದರೂ ಹೋಗಲೇಬೇಕು. ಹಣೆಯ ಮೇಲೆ, ಕಣ್ಣಿನ ಸುತ್ತ, ವಿಶೇಷವಾಗಿ ಮೂಗಿನ ತುದಿಯಲ್ಲಿ ಗುಳ್ಳೆ ಕಂಡರೆ ಕಣ್ಣಿಗೇ ಅಪಾಯವಿರಬಹುದಾದ್ದರಿಂದ ಗಂಟೆಗಳ ಲೆಕ್ಕದಲ್ಲಿ ಯೋಚಿಸಬೇಕು. ಐವತ್ತು ದಾಟಿದವರಿಗಾಗಿ ಇದನ್ನು ತಡೆಯುವ ಹೊಸ ಲಸಿಕೆಯೊಂದು 2023ರಿಂದ ಭಾರತದಲ್ಲಿಯೂ ದೊರೆಯುತ್ತಿದೆ. ಬೆಲೆ ದುಬಾರಿ, ಆದರೆ ಊರಿನಲ್ಲಿರುವ ತಂದೆತಾಯಿಗಳ ವಿಷಯದಲ್ಲಿ ವೈದ್ಯರೊಡನೆ ಒಮ್ಮೆ ಚರ್ಚಿಸಲು ಯೋಗ್ಯ.

‘ಯಾವುದೋ ಹುಳು ಕಚ್ಚಿದೆ’ ಎಂಬ ಮಾತಿನ ಬಗ್ಗೆ ಇಲ್ಲಿಯೇ ಇನ್ನೊಂದು ಎಚ್ಚರಿಕೆ ಹೇಳಬೇಕು. ಗಚ್ಚಿಬೌಲಿಯ ಸುತ್ತ ಬಂಡೆಗಳೂ ಕುರುಚಲು ಕಾಡೂ ಇನ್ನೂ ಅಲ್ಲಲ್ಲಿ ಉಳಿದಿವೆ. ಕಟ್ಟಡಗಳ ಕೆಳಗೆ ಕಾವಲುಗಾರರೂ ಕೆಲಸಗಾರರೂ ನೆಲದ ಮೇಲೆಯೇ ಮಲಗುತ್ತಾರೆ. ಅವರಲ್ಲಿ ಅನೇಕರು ರಾಯಚೂರು, ಕಲಬುರಗಿ ಕಡೆಯಿಂದ ಬಂದ ನಮ್ಮವರೇ. ಕಟ್ಟುಹಾವು, ಅಂದರೆ ಕೆಲವು ಕಡೆ ಕಡಂಬಳವೆಂದೂ ಇಲ್ಲಿ ಕಟ್ಲಪಾಮು ಎಂದೂ ಕರೆಯುವ ಹಾವು, ರಾತ್ರಿ ಮಲಗಿದವರನ್ನು ಕಚ್ಚಿದರೆ ನೋವಾಗಲಿ ಊತವಾಗಲಿ ಬಹುಮಟ್ಟಿಗೆ ಇರುವುದಿಲ್ಲ. ಹಲ್ಲಿನ ಗುರುತೂ ಕಾಣದಿರಬಹುದು. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆಗಳು ಇಳಿಬೀಳುವುದು, ನುಂಗಲು ಕಷ್ಟ, ಮಾತು ತೊದಲುವುದು, ಇವುಗಳಲ್ಲಿ ಯಾವುದು ಕಂಡರೂ ಜೇಡವೋ ಜಿರಲೆಯೋ ಕಚ್ಚಿರಬೇಕೆಂದು ಸುಮ್ಮನಿರದೆ, ಪ್ರತಿವಿಷವೂ ಕೃತಕ ಉಸಿರಾಟದ ಯಂತ್ರವೂ ಇರುವ ಆಸ್ಪತ್ರೆಗೆ ಒಯ್ಯಬೇಕು. ಇಲ್ಲಿ ತಪ್ಪು ಆರೋಪದ ಬೆಲೆ ಒಂದು ಪ್ರಾಣ.

ಎಂಟು ಕಾಲಿನ ಬಂಧುಗಳಲ್ಲಿ ಅಂಜಬೇಕಾದವರು

ಜೇಡಗಳ ಜಾತಿಗಳು ಜಗತ್ತಿನಲ್ಲಿ ಐವತ್ತು ಸಾವಿರಕ್ಕೂ ಮಿಗಿಲು. ಒಂದು ಸಣ್ಣ ಕುಟುಂಬವನ್ನು ಬಿಟ್ಟರೆ ಬಹುತೇಕ ಎಲ್ಲಕ್ಕೂ ವಿಷವುಂಟು. ಆದರೆ ಆ ವಿಷ ನೊಣಕ್ಕೆ, ಸೊಳ್ಳೆಗೆ ಅಳತೆ ಮಾಡಿದ್ದು. ಮನುಷ್ಯನಿಗೆ ಅಪಾಯ ತರುವವು ಬೆರಳೆಣಿಕೆಯ ಜಾತಿಗಳು. ಗೋಡೆಯ ಮೇಲೆ ಅಂಗೈಯಗಲ ಚಪ್ಪಟೆಯಾಗಿ ಕುಳಿತು, ರಾತ್ರಿ ಜಿರಲೆ ಹಿಡಿಯುವ ಕಂದು ಜೇಡವನ್ನು ಕಂಡು ಕಿರಿಚದವರು ಕಡಿಮೆ. ಒತ್ತಿ ಹಿಡಿದರೆ ಅದು ನೋವಾಗುವಂತೆ ಕಚ್ಚೀತು, ಅಷ್ಟಕ್ಕೇ ಮುಗಿಯಿತು.

ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಹೋಗುವಾಗ ಕರ್ನೂಲು ದಾಟಿದ ಮೇಲೆ ಗುತ್ತಿ ಎಂಬ ಊರು ಬರುತ್ತದೆ. ನಮ್ಮ ಬಳ್ಳಾರಿಗೆ ದೂರವೇನಲ್ಲ. ಈ ಗುತ್ತಿಯ ರೈಲ್ವೆಯ ಮರದ ದಾಸ್ತಾನಿನಲ್ಲಿ ಸಿಕ್ಕಿದ, ನವಿಲಿನ ಕತ್ತಿನಂತೆ ನೀಲಿಯಾಗಿ ಹೊಳೆಯುವ ದೊಡ್ಡ ರೋಮಜೇಡವೊಂದನ್ನು ಪೋಕಾಕ್ ಎಂಬ ವಿಜ್ಞಾನಿ 1899ರಲ್ಲಿ ಲೋಕಕ್ಕೆ ಪರಿಚಯಿಸಿದರು. ಆ ಮೇಲೆ ಒಂದು ಶತಮಾನ ಅದರ ಸುಳಿವೇ ಇರಲಿಲ್ಲ. 2001ರಲ್ಲಿ ನಂದ್ಯಾಲ-ಗಿದ್ದಲೂರುಗಳ ನಡುವಿನ ಕಾಡಿನಲ್ಲಿ ಮತ್ತೆ ಕಂಡುಬಂತು. ಬಹುಶಃ ಸೌದೆಯ ಜೊತೆ ರೈಲೇರಿ ಗುತ್ತಿಗೆ ಬಂದಿದ್ದಿರಬೇಕು, ನಾವೆಲ್ಲ ಕೆಲಸ ಹುಡುಕಿಕೊಂಡು ಈ ಊರಿಗೆ ಬಂದಂತೆ. ಅದು ಕಚ್ಚಿದರೆ ತೀವ್ರ ನೋವು, ಸ್ನಾಯುಸೆಳೆತ ಉಂಟು. ಇಂದು ಅಳಿವಿನ ಅಂಚಿನಲ್ಲಿರುವ ಪ್ರಾಣಿ. ಅದು ನಮಗೆ ಎದುರಾಗುವ ಭಯಕ್ಕಿಂತ, ಮುಂದೆ ಯಾರಿಗೂ ಎದುರಾಗಲಿಕ್ಕಿಲ್ಲವೆಂಬ ಭಯವೇ ದೊಡ್ಡದು.

ನಿಜವಾಗಿ ಅಂಜಬೇಕಾದ ಎಂಟು ಕಾಲಿನ ಜೀವಿಗಳು ಬೇರೆ ಇವೆ. ಕೆಂಪು ಚೇಳು ಕುಟುಕಿ ಮಗುವಿಗೆ ಮೈಯೆಲ್ಲ ಬೆವರು, ವಾಂತಿ, ಕೈಕಾಲು ತಣ್ಣಗಾಗುವುದು ಕಂಡರೆ ಹೃದಯಕ್ಕೆ ಅಪಾಯ ಒದಗಿದೆಯೆಂದೇ ಅರ್ಥ. ಮಹಾರಾಷ್ಟ್ರದ ಮಹಾಡ್ ಎಂಬ ಸಣ್ಣ ಊರಿನಲ್ಲಿ ಕುಳಿತು, ರಕ್ತದೊತ್ತಡಕ್ಕೆ ಬಳಸುವ ‘ಪ್ರಾಜೋಸಿನ್’ ಗುಳಿಗೆ ಇದಕ್ಕೆ ಸಂಜೀವಿನಿಯೆಂದು 1980ರ ದಶಕದಲ್ಲಿ ತೋರಿಸಿಕೊಟ್ಟವರು ಡಾ. ಹಿಮ್ಮತ್‌ರಾವ್ ಬಾವಸ್ಕರ್.

ಇನ್ನೊಂದು ಜೀವಿ ನಮ್ಮ ಮಲೆನಾಡಿನದು, ಎಳ್ಳುಕಾಳಿನಷ್ಟು ಗಾತ್ರದ ಉಣುಗು. ಜೇಡದ ದೂರದ ದಾಯಾದಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಸುತ್ತಲ ಜನರಿಗೂ ಜ್ವರ ಬಂದಾಗ, ಕಾರಣ ಹುಡುಕಿದ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಹೊಸದೊಂದು ವೈರಸ್ಸನ್ನು ಕಂಡುಹಿಡಿದರು. ಅದೇ ಮಂಗನ ಕಾಯಿಲೆ. ರೋಗವನ್ನು ದಾಟಿಸುವುದು ಉಣುಗು. ಡಿಸೆಂಬರಿನಿಂದ ಮೇ ತಿಂಗಳವರೆಗೆ ಅದರ ಕಾಲ. ನಾವು ಮಕ್ಕಳನ್ನು ಕರೆದುಕೊಂಡು ಬೇಸಿಗೆ ರಜೆಗೆ ಊರಿಗೆ ಹೋಗುವುದೂ ಇದೇ ಕಾಲದಲ್ಲಿ. ಕಾಡಿಗೆ, ಸೊಪ್ಪಿನ ಬೆಟ್ಟಕ್ಕೆ ಹೋಗಿಬಂದವರು ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆದು, ಮೈಯನ್ನು ಸಂದುಸಂದುಗಳಲ್ಲಿ ಪರೀಕ್ಷಿಸಿಕೊಳ್ಳಬೇಕು. ಸತ್ತ ಮಂಗವನ್ನು ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಬೇಕು. ಊರಿನಿಂದ ಹಿಂದಿರುಗಿದ ವಾರದಲ್ಲಿ ಹಠಾತ್ತನೆ ಜ್ವರ, ತಲೆನೋವು, ಮೈಕೈ ಸೆಳೆತ ಬಂದರೆ, ಇಲ್ಲಿನ ವೈದ್ಯರಿಗೆ ‘ನಾವು ಮಲೆನಾಡಿಗೆ ಹೋಗಿದ್ದೆವು’ ಎಂಬ ಒಂದು ಮಾತನ್ನು ತಪ್ಪದೆ ಹೇಳಬೇಕು. ಹೈದರಾಬಾದಿನ ವೈದ್ಯರಿಗೆ ಅದು ತಾನಾಗಿ ಹೊಳೆಯುವ ಸಂಭವ ಕಡಿಮೆ.

ಸೂರಿನ ಬಾಡಿಗೆದಾರ

ಉದ್ದಕಾಲಿನ ಜೇಡದಿಂದ ಪ್ರಯೋಜನವೇನಾದರೂ ಉಂಟೇ? ಉಂಟು. ನಮ್ಮ ಸೂರಿನ ಇದೇ ಜಾತಿಯನ್ನು ಥಾಯ್ಲೆಂಡಿನಲ್ಲಿ ಅಭ್ಯಸಿಸಿದವರು, ಅದು ಡೆಂಗೆ ಜ್ವರ ಹರಡುವ ಈಡಿಸ್ ಸೊಳ್ಳೆಯನ್ನು ಹಿಡಿದು ತಿನ್ನುತ್ತದೆಂದು 1997ರಲ್ಲಿ ವರದಿ ಮಾಡಿದ್ದಾರೆ. ಈಡಿಸ್ ವಿಶ್ರಮಿಸುವುದು ಮನೆಯೊಳಗಿನ ಕತ್ತಲೆಯ ಮೂಲೆಗಳಲ್ಲಿ. ಜೇಡ ಬಲೆ ಕಟ್ಟುವುದೂ ಅಲ್ಲಿಯೇ. ಹಾಗೆಂದು ಜೇಡವನ್ನೇ ನಂಬಿ ಕೂರುವಂತಿಲ್ಲ. ಸೊಳ್ಳೆ ಹುಟ್ಟುವುದು ಬಾಲ್ಕನಿಯ ಹೂಕುಂಡದ ತಟ್ಟೆಯಲ್ಲಿ, ಕೂಲರಿನ ನೀರಿನಲ್ಲಿ. ರೊನಾಲ್ಡ್ ರಾಸ್ 1897ರ ಆಗಸ್ಟ್ 20ರಂದು ಮಲೇರಿಯಾ ಪರಾವಲಂಬಿಯನ್ನು ಸೊಳ್ಳೆಯ ಹೊಟ್ಟೆಯಲ್ಲಿ ಕಂಡದ್ದು ಇದೇ ಊರಿನ ಸಿಕಂದರಾಬಾದಿನಲ್ಲಿ. ಆದರೆ ಅದಕ್ಕೂ ಎಷ್ಟೋ ಮೊದಲು, 1883ರ ಸುಮಾರಿಗೆ, ಬೆಂಗಳೂರಿನ ದಂಡಿನ ಬಂಗಲೆಯಲ್ಲಿದ್ದಾಗ, ಕಿಟಕಿಯ ಹೊರಗಿನ ನೀರಿನ ತೊಟ್ಟಿಯಲ್ಲಿ ಹುಳುಗಳನ್ನು ಕಂಡು, ಅದನ್ನು ಮಗುಚಿ ಹಾಕಿ ಸೊಳ್ಳೆಕಾಟದಿಂದ ಪಾರಾಗಿದ್ದ. ನಾವು ವಾರಕ್ಕೊಮ್ಮೆ ಮಾಡಬೇಕಾದದ್ದೂ ಅದನ್ನೇ. ಕೀಟನಾಶಕದ ಡಬ್ಬಿಯನ್ನು ಜೇಡದ ಮೇಲೆ ಬರಿದುಮಾಡಿ, ಹೂಕುಂಡದ ತಟ್ಟೆಯನ್ನು ಹಾಗೆಯೇ ಬಿಡುವುದು ಬೆಕ್ಕನ್ನು ಕೊಂದು ಇಲಿಗೆ ಅನ್ನ ಇಟ್ಟಂತೆ.

ಹಳ್ಳಿಗಳಲ್ಲಿ ಕೈ ಕೊಯ್ದುಕೊಂಡಾಗ ಜೇಡರ ಬಲೆಯನ್ನು ಒತ್ತಿ ರಕ್ತ ನಿಲ್ಲಿಸುವ ಪದ್ಧತಿ ಇತ್ತು. ಹೊಗೆ ಧೂಳು ಹಿಡಿದ ಆ ಇಲ್ಲಣವನ್ನು ಗಾಯಕ್ಕೆ ತುಂಬುವುದು ಧನುರ್ವಾಯುವನ್ನು ಆಹ್ವಾನಿಸಿದಂತೆ. ಶುದ್ಧವಾದ ಬಟ್ಟೆಯಿಂದ ಒತ್ತಿ ಹಿಡಿದರೆ ಸಾಕು.

ಮನೆಯಲ್ಲಿ ಬಲೆ ಇರಲೇಬೇಕೆಂದು ನಾನು ವಾದಿಸುತ್ತಿಲ್ಲ. ಯುಗಾದಿಗೂ ದೀಪಾವಳಿಗೂ ಇಲ್ಲಣ ಹೊಡೆಯುವುದು ನಮ್ಮ ಸಂಪ್ರದಾಯ. ಇಲ್ಲಿಯವರು ಅದನ್ನೇ ಬೂಜು ಎನ್ನುತ್ತಾರೆ. ಧೂಳು ಸೇರಿದ ಹಳೆಯ ಬಲೆ ಉಬ್ಬಸವುಳ್ಳವರಿಗೆ ಒಳ್ಳೆಯದಲ್ಲ. ತೊಟ್ಟಿಲ ಮೇಲಿನದನ್ನೂ ಅಡಿಗೆಯ ಒಲೆಯ ಮೇಲಿನದನ್ನೂ ಉದ್ದ ಕೋಲಿನ ಪೊರಕೆಯಿಂದ ತೆಗೆಯಿರಿ, ಔಷಧ ಸಿಂಪಡಿಸಬೇಡಿ. ಜೇಡವನ್ನು ಹೊರಗೆ ಬಿಡಬೇಕೆಂದರೆ ಅಗಲ ಬಾಯಿಯ ಲೋಟವೊಂದನ್ನು ಅದರ ಕೆಳಗೆ ಹಿಡಿದು, ಮೇಲಿನಿಂದ ದಪ್ಪ ಕಾಗದ ಮುಚ್ಚಿದರೆ ಸಾಕು. ಕಾಲನ್ನು ಹಿಡಿದೆಳೆದರೆ ಕಾಲು ಮಾತ್ರ ಕೈಯಲ್ಲಿ ಉಳಿದೀತು. ಕೆಲವು ಸಲ ಅದರ ಬಾಯಲ್ಲಿ ಸಬ್ಬಕ್ಕಿಯ ಸಣ್ಣ ಉಂಡೆಯಂತಹುದು ಕಾಣುತ್ತದೆ. ಅದು ತಾಯಿ ಜೇಡ. ಎರಡು ಮೂರು ವಾರ ಮೊಟ್ಟೆಗಳನ್ನು ನಾಲ್ಕೆಳೆ ನೂಲಿನಲ್ಲಿ ಸುತ್ತಿ, ಹೆಚ್ಚುಕಡಿಮೆ ಉಪವಾಸವಿದ್ದು, ಬಾಯಲ್ಲಿಯೇ ಕಚ್ಚಿಕೊಂಡಿರುತ್ತದೆ. ಅಂತಹುದು ಕಣ್ಣಿಗೆ ಬಿದ್ದರೆ ಪೊರಕೆಯನ್ನು ಒಂದಷ್ಟು ದಿನ ಬಾಗಿಲ ಹಿಂದೆ ಇರಿಸಿ, ಮಕ್ಕಳನ್ನು ಕರೆದು ತೋರಿಸಿ.